ಅಳತೆಯ ಜಂಪರ

ಬೆಳಿಗ್ಗೆ ಕಾಲೇಜಿಗೆ ಹೊರಡುವ ಗಡಿಬಿಡಿಯಲ್ಲಿ ಒಮ್ಮೊಮ್ಮೆ ನನಗೊಂದು ಹುಚ್ಚು ಹಿಡಿಯುತ್ತದೆ. ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಬರೀ ಎಡಗೈಯಿಂದ ರವಿಕೆಯ ಹುಕ್ಕು ಹಾಕಲು ನೋಡುತ್ತೇನೆ. ಮೊದಲನೆಯದು ಹೇಗೋ ಬೀಳುತ್ತದೆ. ಎರಡನೆಯದಕ್ಕೆ ಗದ್ದವನ್ನು ಎದೆಗೆ ಒತ್ತಿ ಬಟ್ಟೆ ಹಿಡಿಯಬೇಕಾಗುತ್ತದೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಬಿಚ್ಚಿಕೊಂಡಿರುತ್ತದೆ. ಐವತ್ತರ ಹತ್ತಿರ ಬಂದ ಹೆಂಗಸು ಕನ್ನಡಿಯ ಮುಂದೆ ನಿಂತು ಮಾಡುವ ಕೆಲಸವೇ ಇದು ಎಂದು ನನಗೇ ನಗು ಬರುತ್ತದೆ. ಗಡಿಯಾರ ನೋಡಿ, ಸೋಲೊಪ್ಪಿ, ಎರಡೂ ಕೈ ಬಳಸುತ್ತೇನೆ.

ಹೋದ ತಿಂಗಳು ನಮ್ಮ ಕಾಲೇಜಿನಲ್ಲಿ ಎರಡು ದಿನದ ಕಮ್ಮಟ ಇಟ್ಟುಕೊಂಡಿದ್ದೆವು. ವಿಷಯ, ಡಿಸೈನ್ ಥಿಂಕಿಂಗ್. ಈಗ ಎಲ್ಲ ಕಡೆ ಅದೇ ಮಾತು. ಇನ್ನೊಬ್ಬರ ತ್ರಾಸನ್ನು ಅವರ ಜಾಗದಲ್ಲಿ ನಿಂತು ನೋಡಿರಿ, ಕಚ್ಚಾ ಮಾದರಿಯೊಂದನ್ನು ಬೇಗ ಮಾಡಿರಿ, ಕೆಟ್ಟರೆ ಕೆಡಲಿ, ಮತ್ತೆ ಮಾಡಿರಿ ಎಂದು ನಾನು ದೊಡ್ಡ ಗಂಟಲಲ್ಲಿ ಹೇಳಿದೆ. ಹುಡುಗ ಹುಡುಗಿಯರು ಬಣ್ಣಬಣ್ಣದ ಅಂಟುಚೀಟಿಗಳನ್ನು ಗೋಡೆಗೆ ಹಚ್ಚಿದರು. ಫ್ಯಾನು ಹಾಕಿದ ಕೂಡಲೇ ಅರ್ಧ ಚೀಟಿ ಉದುರಿದವು. ಕೊನೆಯಲ್ಲಿ ಒಬ್ಬಳು ಹುಡುಗಿ ಎದ್ದು, "ಮೇಡಂ, ಇದನ್ನೆಲ್ಲಾ ನೀವು ಎಲ್ಲೆ ಕಲ್ತ್ರಿ?" ಎಂದು ಕೇಳಿದಳು. "ಬೆಂಗಳೂರಾಗ ಒಂದು ವಾರ ಟ್ರೇನಿಂಗ್ ಇತ್ತು" ಎಂದೆ. ಸುಳ್ಳಲ್ಲ, ತರಬೇತಿಗೆ ಹೋಗಿದ್ದು ನಿಜ. ಅಲ್ಲಿ ಊಟ ಭರ್ಜರಿ ಇತ್ತು, ಮಧ್ಯಾಹ್ನದ ಪಾಠಗಳಲ್ಲಿ ನನಗೆ ಒಳ್ಳೆಯ ನಿದ್ದೆಯೂ ಬಂತು. ಆದರೆ ಕಲಿತದ್ದು ಅಲ್ಲಲ್ಲ. ಕಲಿತದ್ದು ಹಳೇ ಹುಬ್ಬಳ್ಳಿಯ ಒಂದು ದರ್ಜಿ ಅಂಗಡಿಯಲ್ಲಿ. ಅದನ್ನು ಆ ಹುಡುಗಿಗೆ ಹೇಳಲು ಯಾಕೋ ನಾಲಿಗೆ ಏಳಲಿಲ್ಲ, ನಿಮಗೆ ಹೇಳುತ್ತೇನೆ.

ರಾಜೇಸಾಬ ಕಾಕಾನ ಅಂಗಡಿ ಇದ್ದದ್ದು ಎಂಥ ಓಣಿಯಲ್ಲಿ ಎಂದರೆ, ಎದುರುಬದುರು ಎರಡು ಸೈಕಲ್ಲು ಬಂದರೆ ಒಂದು ಹಿಂದೆ ಸರಿಯಬೇಕು. ಅವ್ವನ ತವರುಮನೆ ಅದೇ ಓಣಿಯ ತುದಿಗೆ. ಅವ್ವ ಸಣ್ಣ ಹುಡುಗಿಯಾಗಿ ಪರಕಾರ ಉಡುತ್ತಿದ್ದ ದಿನಗಳಿಂದಲೂ ಅವಳ ಬಟ್ಟೆ ಹೊಲಿಯುತ್ತಿದ್ದವರು ಕಾಕಾ. ಮದುವೆಯಾಗಿ ಧಾರವಾಡಕ್ಕೆ ಬಂದ ಮೇಲೂ ಅವಳ ಬಟ್ಟೆ ಬಸ್ಸು ಹತ್ತಿ ಹುಬ್ಬಳ್ಳಿಗೇ ಹೋಗಬೇಕು. "ಧಾರವಾಡದ ಸಿಂಪಿಗ್ಯಾರೆಲ್ಲಾ ಸನ್ಯಾಸ ತೊಗೊಂಡಾರೇನು?" ಎಂದು ಅಪ್ಪ ಇದ್ದಾಗ ಚೇಷ್ಟೆ ಮಾಡುತ್ತಿದ್ದರು. ಅವ್ವ ಚೀಲಕ್ಕೆ ಬಟ್ಟೆ ತುಂಬುತ್ತಲೇ ಇರುತ್ತಿದ್ದಳು.

ಆ ಚೀಲದಲ್ಲಿ ಹೊಸ ಬಟ್ಟೆಯ ಜೊತೆಗೆ ಹಳೆಯ ಜಂಪರವೊಂದು ಇದ್ದೇ ಇರುತ್ತಿತ್ತು. ನಮ್ಮ ಕಡೆ ರವಿಕೆಗೆ ಜಂಪರ ಎನ್ನುತ್ತೇವೆ. ಕಾಕಾ ಹೆಂಗಸರ ಮೈಗೆ ಟೇಪು ಮುಟ್ಟಿಸಿದವರಲ್ಲ. ಸರಿಯಾಗಿ ಕೂರುವ ಹಳೆಯ ಜಂಪರ ಒಂದನ್ನು ಕೊಟ್ಟರೆ ಅದನ್ನು ಮೇಜಿನ ಮೇಲೆ ಹರಡಿ, ಅಂಗೈಯಿಂದ ನೇವರಿಸಿ, ಅದರ ಅಳತೆಗೇ ಹೊಸದನ್ನು ಕತ್ತರಿಸುತ್ತಿದ್ದರು. ಅದು ಅಳತೆಯ ಜಂಪರ. ಓಣಿಯ ಎಲ್ಲ ಹೆಂಗಸರದೂ ಒಂದೊಂದು ಗೋಡೆಯ ಮೊಳೆಗೆ ತೂಗುತ್ತಿರುತ್ತಿತ್ತು.

ಸಣ್ಣವಳಿದ್ದಾಗ ನಾನು ಆ ಮೇಜಿನ ಕೆಳಗೆ, ಚಿಂದಿಯ ರಾಶಿಯ ಮೇಲೆ ಮಲಗುತ್ತಿದ್ದೆ. ಅವ್ವ ತವರಿಗೆ ಹೋಗಿ ಹರಟೆ ಮುಗಿಸಿ ಬರುವ ತನಕ ಅದೇ ನನ್ನ ಮನೆ. ಮೇಲೆ ಮಷಿನ್ನಿನ ಕಟಕಟ, ಕಾಕಾನ ಕಾಲಿನ ತಾಳ, ಹೊಸ ಖಣದ ಬಟ್ಟೆಯ ಗಂಜಿಯ ವಾಸನೆ, ಬಾಗಿಲಿನಿಂದ ಓರೆಯಾಗಿ ಬಿದ್ದ ಬಿಸಿಲಿನಲ್ಲಿ ತೇಲುವ ಹತ್ತಿಯ ಎಳೆಗಳು. ಕಣ್ಣು ಅರ್ಧ ಮುಚ್ಚಿದರೆ ಗೋಡೆಯ ಜಂಪರುಗಳು ಗಾಳಿಗೆ ತೋಳಾಡಿಸುತ್ತ ತಮ್ಮತಮ್ಮ ಮನೆಯ ಸುದ್ದಿ ಹೇಳಿಕೊಳ್ಳುತ್ತಿವೆ ಅನ್ನಿಸುತ್ತಿತ್ತು. ನೀಲಿಯದು ಜಗಳಗಂಟಿ, ಹಸಿರಿನದು ಸಾಧು, ಅವ್ವನದು ಎಲ್ಲರಿಗೂ ಪಾಠ ಹೇಳುವುದು. ಎಷ್ಟೋ ಸಲ ಅವುಗಳ ಮಾತು ಪೂರಾ ಕೇಳಿಸಿಕೊಳ್ಳುವ ಮೊದಲೇ ನಿದ್ದೆ ಬಂದುಬಿಡುತ್ತಿತ್ತು. ಎದ್ದಾಗ ಕೆನ್ನೆಗೆ ದಾರದ ಗುರುತು ಮೂಡಿರುತ್ತಿತ್ತು.

ಅವ್ವ ಪಾಠ ಹೇಳುವವಳೇ ಆಗಿದ್ದಳು. ಮನೆಯಿಂದ ನಾಲ್ಕು ಓಣಿ ಆಚೆಗಿನ ಕನ್ನಡ ಸಾಲೆಯಲ್ಲಿ ಅವಳು ಸುಶೀಲಾ ಬಾಯಾರು. ಮೂರನೆಯ ಇಯತ್ತೆಯ ಹುಡುಗರು ಅವಳ ಚಪ್ಪಲಿಯ ಸಪ್ಪಳಕ್ಕೇ ಸೆಟೆದು ಕೂರುತ್ತಿದ್ದರಂತೆ. ಅಪ್ಪ ತೀರಿದ ಮೇಲೂ ಹದಿಮೂರನೆಯ ದಿನ ಮುಗಿಸಿ ಹದಿನಾಲ್ಕನೆಯ ದಿನ ಸಾಲೆಗೆ ಹೋದವಳು. ಅಂಥವಳಿಗೆ, ತೊಂಬತ್ತರ ದಶಕದ ನಡುವಿನ ಒಂದು ಜನವರಿಯಲ್ಲಿ, ಕರಿಹಲಗೆಯ ಮೇಲೆ ಬರೆಯುತ್ತ ನಿಂತಾಗಲೇ ಲಕ್ವಾ ಹೊಡೆಯಿತು. ಸೀಮೆಸುಣ್ಣದ ಖಡು ಕೈಯಿಂದ ಜಾರಿತು. ಮಾತು ಹದಿನೈದು ದಿನ ತೊದಲಿ ಸರಿಹೋಯಿತು, ಕಾಲೂ ಸುಧಾರಿಸಿತು, ಬಲಗೈ ಮಾತ್ರ ಮರಳಿ ಬರಲಿಲ್ಲ.

ಮನೆಯಲ್ಲಿ ನಾವಿಬ್ಬರೇ. ನಾನು ಎಂಜಿನಿಯರಿಂಗ್ ಮುಗಿಸಿ ಆಗತಾನೇ ಪಾಠ ಹೇಳಲು ಸೇರಿಕೊಂಡಿದ್ದೆ. ದಿನಾ ಬೆಳಿಗ್ಗೆ ಅವ್ವನಿಗೆ ಜಂಪರ ತೊಡಿಸುವ ಕೆಲಸ ನನ್ನದಾಯಿತು. ಸೀರೆಯನ್ನು ಅವಳು ಎರಡು ತಿಂಗಳಲ್ಲಿ ಒಂದೇ ಕೈಯಲ್ಲಿ ಉಡಲು ಕಲಿತಳು. ಹಲ್ಲು, ಮಂಚದ ಅಂಚು, ಗೋಡೆ, ಎಲ್ಲದರ ಸಹಾಯ ತೆಗೆದುಕೊಂಡಳು. ಜಂಪರ ಮಾತ್ರ ಬಗ್ಗಲಿಲ್ಲ. ನಾನು ಹುಕ್ಕು ಹಾಕುವಾಗ ಅವಳು ನನ್ನನ್ನು ನೋಡುತ್ತಿರಲಿಲ್ಲ. ಗೋಡೆಯ ಕ್ಯಾಲೆಂಡರನ್ನು ನೋಡುತ್ತಿದ್ದಳು.

ಏಪ್ರಿಲ್ಲಿನಲ್ಲಿ ಒಂದು ದಿನ, "ಜೂನಿಗೆ ಸಾಲಿ ಸುರು ಆಗ್ತಾವಲ್ಲವ್ವಾ, ಹೋಗ್ತೀ ಹೌದಿಲ್ಲೋ? ಎಡಗೈಲೆ ಬರೀಬಹುದು ಅಂತ ಡಾಕ್ಟರ್ ಹೇಳ್ಯಾರ" ಎಂದೆ.

"ನನ್ನ ಜಂಪರ ನಾನು ಹಾಕ್ಕೊಂಡ ದಿನಾ ಹೋಗ್ತೇನಿ. ಅಲ್ಲೀತನಾ ಹೊಸ್ತಿಲಾ ದಾಟಂಗಿಲ್ಲ" ಎಂದಳು.

"ನಾ ಹಾಕಿದ್ರೇನಾತು?"

"ಮಗಳ ಕೈಲೆ ಅಂಗಿ ತೊಡಿಸ್ಕೊಂಡು ಬಂದಾಕಿ ಹುಡುಗೂರಿಗೆ, ನಿಮ್ಮ ಕೆಲಸಾ ನೀವು ಮಾಡ್ಕೋರಿ ಅಂತ ಹೆಂಗ ಹೇಳ್ಲಿ?"

ಅವ್ವನ ಹಟ ನನಗೆ ಗೊತ್ತು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡವಳಲ್ಲ. ಜೂನಿಗೆ ಹೋಗದಿದ್ದರೆ ಇನ್ನೆಂದೂ ಹೋಗುವುದಿಲ್ಲ, ಆ ಕ್ಯಾಲೆಂಡರು ನೋಡುತ್ತಲೇ ಕುಳಿತುಬಿಡುತ್ತಾಳೆ ಎಂದು ನನಗೆ ಭಯವಾಯಿತು.

ಎಂಜಿನಿಯರು ಮಗಳು ಸುಮ್ಮನಿರುತ್ತಾಳೆಯೇ? ಮೊದಲು ಸೈಕಲ್ಲಿನ ಕಡ್ಡಿಯನ್ನು ಬಗ್ಗಿಸಿ, ಕಟ್ಟಿಗೆಯ ಹಿಡಿ ಹಾಕಿ, ಹುಕ್ಕು ಎಳೆಯುವ ಒಂದು ಸಾಧನ ಮಾಡಿದೆ. ನಕ್ಷೆ ಬೇರೆ ಬರೆದಿದ್ದೆ, ಮೂರು ಕಡೆಯಿಂದ. ಅವ್ವ ತಿರುಗಿಸಿ ನೋಡಿ, "ಛಲೋ ಆಗ್ಯೇದ" ಎಂದಳು. ನನಗೆ ಆನಂದವಾಯಿತು. ಎರಡು ವಾರದ ಮೇಲೆ ನೋಡುತ್ತೇನೆ, ಅದರಿಂದ ಬೆನ್ನು ತುರಿಸಿಕೊಳ್ಳುತ್ತಿದ್ದಾಳೆ. ಆಮೇಲೆ ಮಕ್ಕಳ ಬೂಟಿನಲ್ಲಿ ಬರುತ್ತದಲ್ಲ, ಚರ್ರ್ ಎಂದು ಬಿಚ್ಚುವ ಪಟ್ಟಿ, ಅದನ್ನು ಹುಕ್ಕಿನ ಜಾಗದಲ್ಲಿ ಹೊಲಿದೆ. "ಇದೂ ಛಲೋ ಅದ" ಎಂದಳು. ಆ ಪಟ್ಟಿ ಅವಳ ಇಳಕಲ್ ಸೀರೆಯ ಸೆರಗನ್ನು ಹಿಡಿದು ಎಳೆಎಳೆಯಾಗಿ ಕಿತ್ತಿತು. ಆ ಸೆರಗನ್ನು ಅವಳು ಮಡಚಿ ಒಳಗೆ ಬಚ್ಚಿಟ್ಟಿದ್ದಳು, ನನಗೆ ಸಿಕ್ಕಿದ್ದು ಆಕಸ್ಮಿಕ.

ಇಲ್ಲಿ ನಮ್ಮ ಊರಿನ ಒಂದು ಗುಣ ಹೇಳಬೇಕು. ಧಾರವಾಡದವರ ಬಾಯಲ್ಲಿ 'ಛಲೋ ಅದ' ಎಂದು ಬಂದರೆ ಅದನ್ನು ಪೂರ್ತಿ ನಂಬಬಾರದು. ಉಪ್ಪಿಲ್ಲದ ಸಾರನ್ನೂ ಛಲೋ ಎನ್ನುತ್ತೇವೆ. ಬೇಸೂರಿನ ಹಾಡು ಕೇಳಿ ಬಂದು, ಹಾಡಿದವರ ಮುಂದೆ 'ಭಾಳ ಛಲೋ ಆತ್ರೀ' ಎಂದು ಕೈಮುಗಿಯುತ್ತೇವೆ. ಕಷ್ಟಪಟ್ಟು ಮಾಡಿದವರ ಮನಸ್ಸು ನೋಯಿಸುವುದು ಹೇಗೆ ಎಂಬ ಮರ್ಯಾದೆ ಅದು. ಅಲ್ಲೇ ಹುಟ್ಟಿ ಬೆಳೆದ ನಾನೇ ಅದನ್ನು ನಿಜವೆಂದು ನಂಬಿ ಒಂದು ತಿಂಗಳು ಕುಣಿದೆ. ಕೇಳಿದರೆ ಸಾಕು, ಉತ್ತರ ಸಿಗುತ್ತದೆ ಎಂದುಕೊಂಡಿದ್ದೆ.

ಕೊನೆಗೆ ಹಿತ್ತಲ ಗಿಡ ಮದ್ದಲ್ಲ ಎಂದು ಬಿಟ್ಟಿದ್ದ ದಾರಿಯನ್ನೇ ಹಿಡಿದೆ. ಹೊಸ ಬಟ್ಟೆ, ಅಳತೆಯ ಜಂಪರ ಎರಡನ್ನೂ ಚೀಲಕ್ಕೆ ಹಾಕಿ ಹುಬ್ಬಳ್ಳಿಯ ಬಸ್ಸು ಹತ್ತಿದೆ. ಕಾಕಾ ಹೆಚ್ಚು ಮುದುಕರಾಗಿದ್ದರು, ಕನ್ನಡಕಕ್ಕೆ ದಾರ ಕಟ್ಟಿದ್ದರು. ನಾನು ಎಲ್ಲ ಹೇಳಿ, "ಹುಕ್ಕು ಸ್ವಲ್ಪ ದೊಡ್ಡವು ಹಚ್ಚಿ, ತೋಳು ಸಡ್ಲ ಮಾಡಿ ಕೊಡ್ರಿ ಕಾಕಾ" ಎಂದೆ. ಅವರು ಅಳತೆಯ ಜಂಪರವನ್ನು ಹರಡಿ ಅಂಗೈಯಿಂದ ನೇವರಿಸಿದರು. ಎಷ್ಟೋ ಹೊತ್ತು ಕತ್ತರಿ ಎತ್ತಲೇ ಇಲ್ಲ.

"ಯವ್ವಾ, ಇದು ಹಳೇ ಅಕ್ಕಾರ ಅಳತಿ. ಎರಡೂ ಕೈ ಇದ್ದಾಗಿನದು" ಎಂದರು. ಅವ್ವ ಅವರಿಗೆ ಯಾವಾಗಲೂ ಅಕ್ಕಾರು. "ಈಗಿನ ಅಕ್ಕಾರ ಅಳತಿ ಎಲ್ಲೈತಿ?"

"ಆಕಿ ಮನಿ ಬಿಟ್ಟು ಬರಂಗಿಲ್ರೀ" ಎಂದೆ.

"ಬಂದರೂ ನಾ ಏನ ನೋಡ್ಲಿ? ಹುಡುಗ ಇದ್ದಾಗಿಂದ ಜಂಪರ ಹೊಲಿಯಾಕತ್ತೇನಿ. ಹೆಣ್ಮಕ್ಕಳು ಅದನ್ನ ಹೆಂಗ ಹಾಕ್ಕೋತಾರ, ಯಾವ ಕೈ ಮೊದಲ, ಎಲ್ಲಿ ಎಳೀತಾರ ಅನ್ನೂದು ನನಗ ಗೊತ್ತಿಲ್ಲ ನೋಡು. ತಪ್ಪ ತಿಳ್ಕೋಬ್ಯಾಡ. ಮೈ ಮ್ಯಾಲೆ ಕುಂತಿದ್ದು ಅಷ್ಟ ಗೊತ್ತು." ಆಮೇಲೆ, "ನೀನಽ ನಿಮ್ಮವ್ವ ಆಗಬೇಕು. ಒಂದ ದಿನಾ ಆದ್ರೂ" ಎಂದರು.

ಹಾಗೆಂದವರೇ ನನ್ನ ಓಢಣಿಯಿಂದಲೇ ಬಲಗೈಯನ್ನು ಹೊಟ್ಟೆಗೆ ಒತ್ತಿ ಕಟ್ಟಿಕೊಳ್ಳಲು ಹೇಳಿದರು. ಗಂಟನ್ನು ಮಾತ್ರ ಬೆನ್ನ ಹಿಂದೆ ಅವರೇ ಬಿಗಿದರು. "ನಾಳಿ ಇಷ್ಟೊತ್ತಿಗೆ ಬಾ, ನಾನಽ ಬಿಚ್ಚತೇನಿ. ನಡುವ ಬಿಚ್ಚಿದ್ರ ನನ್ನ ಹಂತ್ಯಾಕ ಬರಬ್ಯಾಡ."

ಅಯ್ಯೋ, ಆ ಒಂದು ದಿನ! ಬಸ್ಸಿನ ಮೆಟ್ಟಿಲು ಹತ್ತುವಾಗಲೇ ಮುಗ್ಗರಿಸಿದೆ. ಪಕ್ಕದಲ್ಲಿ ಹೆಬ್ಬಳ್ಳಿಯ ಒಬ್ಬ ಅಜ್ಜಿ, ಮೆಂತ್ಯೆ ಸೊಪ್ಪು ಮಾರಿ ಖಾಲಿ ಬುಟ್ಟಿ ಇಟ್ಟುಕೊಂಡು ಕುಳಿತಿದ್ದಳು. "ಏನಾತ ಯವ್ವಾ ಕೈಗೆ?" ಎಂದಳು. ಎಳೆಯ ಲೆಕ್ಚರರು ಸುಳ್ಳು ಹೇಳಿದಳು, "ಮುರದದರೀ." ಅಜ್ಜಿ ಅಷ್ಟಕ್ಕೆ ಬಿಡಲಿಲ್ಲ. ನನ್ನ ಹಣೆಯ ಕೂದಲು ಹಿಂದಕ್ಕೆ ಸರಿಸಿದಳು, ತನ್ನ ಸೆರಗಿನಿಂದ ಬೆವರು ಒರೆಸಿದಳು, ಕತ್ತಿನ ಸರ ನೆಟ್ಟಗೆ ಮಾಡಿದಳು. ಬಂಗಾರದಂಥ ಮನಸ್ಸು, ಆದರೆ ನನಗೆ ಕೆಟ್ಟ ಸಿಟ್ಟು ಬಂತು. ನನ್ನ ಮುಖವನ್ನು ಮುಟ್ಟಲು ಇವಳಿಗೆ ಯಾರು ಹೇಳಿದರು ಎಂದು ಮನಸ್ಸಿನಲ್ಲೇ ಬೈದೆ. ಬಸ್ಸು ಉಣಕಲ್ಲ ಕೆರೆಯ ಪಕ್ಕ ಹೋಗುತ್ತಿತ್ತು. ನೀರಿನ ಮೇಲಿನ ಇಳಿಬಿಸಿಲಿಗೆ ಕಣ್ಣು ಜೋಂಪು ಹತ್ತಿ, ಆ ಅರೆನಿದ್ದೆಯಲ್ಲಿ ಅಜ್ಜಿ ನಾನಾದಳು, ನಾನು ಅವ್ವನಾದೆ. ದಿನಾ ಬೆಳಿಗ್ಗೆ ಅವ್ವನ ಕೂದಲನ್ನು, ಸರವನ್ನು, ಅಪ್ಪ ಹೋದ ಮೇಲೂ ಅವಳು ಬಿಡದ ಕುಂಕುಮವನ್ನು ಕೇಳದೆಯೇ ಸರಿಮಾಡುವವಳು ನಾನೇ ಅಲ್ಲವೇ?

ಮನೆಗೆ ಬಂದಾಗ ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನವ್ವಾ ಇದು ಸೋಗು?" ಎಂದಳು. ಹೇಳಿದೆ. ನಕ್ಕಳು. ಜನವರಿಯಿಂದ ಈಚೆಗೆ ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಊಟದಲ್ಲಿ ಎಡಗೈಯಿಂದ ರೊಟ್ಟಿ ಮುರಿಯುವುದು ಹೇಗೆಂದು ಗುರುವಿನ ಗತ್ತಿನಲ್ಲಿ ತೋರಿಸಿಕೊಟ್ಟಳು. "ಬಟ್ಟಲಾ ಗ್ವಾಡಿಗೆ ಹಚ್ಚಿ ಇಟ್ಕೋ, ಸರ್ಯಂಗಿಲ್ಲ. ಇಷ್ಟೂ ತಿಳ್ಯಂಗಿಲ್ಲೇನು ಇಂಜಿನಿಯರಿಗೆ?"

ಮರುದಿನ ಬೆಳಿಗ್ಗೆ ಬಟ್ಟೆ ಬದಲಿಸುವಾಗ ನಿಜವಾದ ಪಾಠವಾಯಿತು. ಗಂಟು ಬಿಚ್ಚದೆ ಓಢಣಿಯನ್ನು ಸೊಂಟಕ್ಕೆ ಜಾರಿಸಿ, ಬಲಗೈಯನ್ನು ಅವ್ವನದರಂತೆ ಜೋಲುಬಿಟ್ಟು, ಹರಸಾಹಸ ಮಾಡಿ ಹಳೆಯ ಕುರ್ತಾ ತೆಗೆದಿದ್ದೆ. ಹೊಸದು ತಲೆಯಲ್ಲಿ ಸಿಕ್ಕಿಕೊಂಡಿತ್ತು. ಕಣ್ಣಿಗೆ ಏನೂ ಕಾಣುತ್ತಿಲ್ಲ, ಮೈ ಅರೆಬರೆ ಬಯಲು. ಅಷ್ಟರಲ್ಲಿ ಪಕ್ಕದ ಮನೆಯ, ಚಿಕ್ಕಮ್ಮನಂಥ ಕಾಕು, "ಸುಮಾ, ಒಂದೀಟು ಸಕ್ಕರಿ ಅದ ಏನ?" ಎನ್ನುತ್ತ ಸೀದಾ ಒಳಗೇ ಬಂದರು. ನಮ್ಮ ಓಣಿಯಲ್ಲಿ ಬಾಗಿಲು ಬಡಿದು ಬರುವ ರೂಢಿ ಇಲ್ಲ. ನಾನು ಎದ್ದುಬಿದ್ದು ಮೂಲೆಗೆ ಓಡಿ ಗೋಡೆಗೆ ಮುಖ ಮಾಡಿ ನಿಂತೆ. ಮುಚ್ಚಿಕೊಳ್ಳಲು ಇನ್ನೊಂದು ಕೈ ಇಲ್ಲ. ಕಾಕು ನಗುತ್ತ ಹೋದರು, ನಾನು ಅಲ್ಲೇ ನಿಂತು ಅತ್ತೆ.

ಅವ್ವನ ತ್ರಾಸು ಹುಕ್ಕಿನದಾಗಿರಲಿಲ್ಲ. ಹುಕ್ಕಿಗೆ ಮುಂಚಿನ ಆ ಗಳಿಗೆಯದು. ಮೊದಲು ಅವಳು ದಿನಾ ಕೋಣೆಯ ಬಾಗಿಲಿಗೆ ಚಿಲಕ ಹಾಕಿಕೊಂಡು, ಪೂರ್ತಿ ಉಟ್ಟು ತೊಟ್ಟು ಹೊರಬರುತ್ತಿದ್ದವಳು. ಅವಳನ್ನು ಅರೆಬರೆಯಾಗಿ ನಾನು ನೋಡಿದ್ದೇ ಇಲ್ಲ. ಲಕ್ವಾ ಹೊಡೆದ ಮೇಲೆ, ಎಲ್ಲಿ ಬಿದ್ದಾಳೋ ಎಂದು ಆ ಚಿಲಕ ಹಾಕಲು ಬಿಡದವಳು ನಾನು. ಕೇಳದೆ ಒಳಗೆ ನುಗ್ಗುತ್ತಿದ್ದವಳೂ ನಾನೇ. ಮೂರು ತಿಂಗಳು ನನ್ನ ತಾಯಿ ನನ್ನೆದುರು ಗೋಡೆಗೆ ಮುಖ ಮಾಡಿ ನಿಂತಿದ್ದಳು. ನಾನು ಹುಕ್ಕಿನ ನಕ್ಷೆ ಬರೆಯುತ್ತಿದ್ದೆ. ಇದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಆ ದಿನ ಕಾಕಾ ಗಂಟು ಬಿಚ್ಚಿದ ಕೂಡಲೇ ಇದನ್ನೆಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಹಂಗಾರ ಮೊದಲ ಮುಚ್ಚಬೇಕು, ಆಮ್ಯಾಲೆ ಕಟ್ಟಬೇಕು. ಅಲ್ಲ?" ಎಂದರು. "ಇಷ್ಟ ದಿನಾ ನಾವು ಕಟ್ಟಿದ ಮ್ಯಾಲೆ ಮುಚ್ಚುವಂಥಾವು ಹೊಲದೇವಿ."

ಮೇಲೆ ಅಟ್ಟದಿಂದ ಗಂಟೊಂದನ್ನು ಇಳಿಸಿ ಅವರ ಅಪ್ಪನ ಕಾಲದ ಬಾರಾಬಂದಿಯೊಂದನ್ನು ತೆಗೆದರು. ಹಿಂದಿನ ಗಂಡಸರು ತೊಡುತ್ತಿದ್ದ ಅಂಗಿ ಅದು. ಎದೆಯ ಮೇಲೆ ಒಂದು ಮಗ್ಗುಲು ಇನ್ನೊಂದನ್ನು ಪೂರ್ತಿ ಹೊದ್ದುಕೊಂಡು, ಬದಿಯಲ್ಲಿ ಕಸೆ ಕಟ್ಟುವುದು. ಕಟ್ಟದಿದ್ದರೂ ಮೈ ಮುಚ್ಚಿರುತ್ತದೆ. ಎಡ ಮಗ್ಗುಲನ್ನು ಎಡಗೈಯಿಂದಲೇ ಎಳೆದು ಬಲಗಡೆಗೆ ತಂದರೆ, ಆ ಕೈ ನಿಂತಲ್ಲೇ ಕಟ್ಟುವ ಜಾಗ. ಕಸೆಯ ಬದಲು ದೊಡ್ಡ ಗುಂಡಿ, ಇಲಾಸ್ಟಿಕ್ಕಿನ ಕುಣಿಕೆ. ಮೇಲೆ ಸೆರಗು ಬಂದರೆ ಯಾರಿಗೂ ಗೊತ್ತಾಗುವುದಿಲ್ಲ. ಮುದುಕರು ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು.

ನಾನು ಬಟ್ಟೆ ಚೀಲದಿಂದ ತೆಗೆದರೆ ಕೈ ಅಡ್ಡ ಹಿಡಿದರು. "ಛೇ, ಬಟ್ಟಿ ಕೆಡಸ್ತೀಯೇನು? ಮೊದಲ ಪೇಪರ ಮ್ಯಾಲೆ." ಹಿಂದಿನ ದಿನದ ದಿನಪತ್ರಿಕೆಯನ್ನು ಕತ್ತರಿಸಿ, ಗೋಂದು ಹಚ್ಚಿ, ಕಾಗದದ ಜಂಪರ ಮಾಡಿದರು. ನನ್ನ ಕುರ್ತಾದ ಮೇಲೆ ಅದನ್ನು ತೊಟ್ಟು ನಾನು ಅಂಗಡಿಯ ಮುಂದೆ ನಿಂತರೆ, ಎದೆಯ ಮೇಲೆ ಹವಾಮಾನ ವರದಿ, ಬೆನ್ನ ಮೇಲೆ ವಧುವರರ ಜಾಹೀರಾತು. ಓಣಿಯೆಲ್ಲ ನಕ್ಕಿತು.

"ಅಕ್ಕಾರಿಗೆ ಹಾಕ್ಕೊಂಡು ನೋಡಂತ ಹೇಳು. ಹೆಂಗೈತಿ ಅಂತ ಮಾತ್ರ ಕೇಳಬ್ಯಾಡ. ಛಲೋ ಅಂತಾರ" ಎಂದು ಕಾಕಾ ಎಚ್ಚರಿಸಿದರು. "ಎಲ್ಲಿ ಕಾಡತೈತಿ ಅಲ್ಲಿ ಗೀಟು ಹಾಕಿ ಕಳಿಸ್ಲಿ." ಅದಕ್ಕಾಗಿ ತಮ್ಮ ನೀಲಿ ಸೀಮೆಸುಣ್ಣದ ಬಿಲ್ಲೆಯನ್ನೂ ಕೊಟ್ಟರು. ನಾನು ಅದನ್ನು ಬಸ್ಸಿನಲ್ಲಿ ಕಳೆದೆ. ಮನೆಯಲ್ಲಿ ಕೈಗೆ ಸಿಕ್ಕಿದ್ದು ಅವ್ವ ಉತ್ತರಪತ್ರಿಕೆ ತಿದ್ದುವ ಕೆಂಪು ಪೆನ್ಸಿಲ್ಲು. ಅದನ್ನೇ ಕಾಗದದ ಜಂಪರದ ಜೊತೆ ಅವಳ ಮಂಚದ ಮೇಲಿಟ್ಟು, ಕೋಣೆಯ ಬಾಗಿಲೆಳೆದುಕೊಂಡು ಹೊರಗೆ ಬಂದೆ.

ನನ್ನ ಜೀವಮಾನದಲ್ಲಿ ನಾನು ಮಾಡಿದ ಏಕೈಕ ಒಳ್ಳೆಯ ತಪ್ಪು ಅದು. ಅವ್ವನಿಗೆ ಯಾರ ಕೆಲಸವನ್ನೂ ಬಾಯಲ್ಲಿ ಕೆಟ್ಟದ್ದೆನ್ನಲು ಬಾರದು. ಆದರೆ ಕೆಂಪು ಪೆನ್ಸಿಲ್ಲು ಕೈಗೆ ಬಂದರೆ ಅವಳು ಯಾರಪ್ಪನಿಗೂ ಬಿಡುವವಳಲ್ಲ. ಅರ್ಧ ಗಂಟೆ ಬಿಟ್ಟು ಒಳಗೆ ಹೋದರೆ ಜಂಪರದ ತುಂಬ ಗೀಟು. ಎಡಗೈಯ ಅಡ್ಡಾದಿಡ್ಡಿ ಅಕ್ಷರಗಳಲ್ಲಿ ಟಿಪ್ಪಣಿ. 'ಒಳಗಿನ ಭಾಗ ಸುರುಳಿ ಆಗುವುದು.' 'ತೋಳು ಇನ್ನೂ ಬಿಗಿ.' 'ಗುಂಡಿ ಕೆಳಗೆ ಇರಲಿ.' ಒಂದು ಕಡೆ ಎರಡು ಗೀಟು ಎಳೆದು, 'ಲಕ್ಷ್ಯವಿಲ್ಲ.' ಕೊನೆಗೆ, ವಧುವರರ ಜಾಹೀರಾತಿನ ಮೇಲೆ, ಹತ್ತಕ್ಕೆ ನಾಲ್ಕು. ಕೆಳಗೆ ಸಹಿ.

ಕಾಕಾ ಅದನ್ನು ಬೆಳಕಿಗೆ ಹಿಡಿದು ಓದಿಸಿಕೊಂಡರು. "ಸಾಲ್ಯಾಗೂ ನನಗ ನಾಕಽ ಬೀಳತಿದ್ವು" ಎಂದು ನಕ್ಕರು. ಆಮೇಲೆ ಗಂಭೀರವಾಗಿ ಕತ್ತರಿ ಹಿಡಿದರು. ಒಳಭಾಗ ಸುರುಳಿಯಾಗದಂತೆ ಕಾಲರಿಗೆ ಹಾಕುವ ಗಟ್ಟಿ ಬಕ್ರಮ್ ಹಾಕಿದರು. ಬಲತೋಳನ್ನು ಹಿಗ್ಗಿಸಿದರು. ಎರಡನೆಯದನ್ನು ಹಳೆಯ ಧೋತರದ ಬಟ್ಟೆಯಲ್ಲಿ ಹೊಲಿದರು. ಅದಕ್ಕೆ ಆರು ಬಿತ್ತು. ಹಿಡಿಯಲು ಸಿಗುವಂಥ ಗುಂಡಿಗಾಗಿ ನಾನು ದುರ್ಗದಬೈಲಿನ ಅಂಗಡಿಗಳನ್ನೆಲ್ಲ ಸುತ್ತಿ, ಕೊನೆಗೆ ಕೋಟಿನ ಗುಂಡಿ ತಂದೆ. ಮೂರನೆಯದಕ್ಕೆ ಏಳೂವರೆ. ಆ ಅರ್ಧ ಯಾವುದಕ್ಕೆ ಎಂದು ಕೇಳಿದರೆ, "ಪ್ರಯತ್ನಕ್ಕ" ಎಂದಳು. ಅವಳ ಎಡಗೈ ಅಕ್ಷರ ಒಂದೊಂದು ಸಲಕ್ಕೂ ದುಂಡಗಾಗುತ್ತ ಬಂದಿತ್ತು. ನಾನಾಗಲಿ ಕಾಕಾ ಆಗಲಿ ಅದರ ಬಗ್ಗೆ ತುಟಿ ಪಿಟ್ಟೆನ್ನಲಿಲ್ಲ.

ಮೇ ತಿಂಗಳ ಆ ಬಸ್ಸುಗಳ ನೆನಪು ನನಗೆ ಕನಸಿನಂತೆ ಉಳಿದಿದೆ. ನವನಗರ ದಾಟುವಾಗಿನ ಬಿಸಿಗಾಳಿ, ತೊಡೆಯ ಮೇಲೆ ಕೆಂಪು ಗೀಟಿನ ಜಂಪರ, ಮಳೆ ಬರುತ್ತದೋ ಬಿಡುತ್ತದೋ ಎಂದು ಮಂಕಾದ ಆಕಾಶ. ಒಂದು ಸಲ ನಿದ್ದೆ ಹತ್ತಿ ಧಾರವಾಡದಲ್ಲಿ ಇಳಿಯದೆ, ಅದೇ ಬಸ್ಸಿನಲ್ಲಿ ಮತ್ತೆ ಹುಬ್ಬಳ್ಳಿಗೆ ಹೋಗಿ ಎಚ್ಚರವಾದೆ. ಕಂಡಕ್ಟರು, "ಮೇಡಮ್ಮಾರ, ಬಸ್ಸಿನ್ಯಾಗಽ ಮನಿ ಮಾಡೀರೇನು?" ಎಂದ.

ಜೂನಿನ ಮೊದಲ ದಿನ. ಮೋಡ ಕವಿದಿತ್ತು. ಹಿಂದಿನ ಸಂಜೆ ತಂದ ಹೊಸ ಜಂಪರ, ಕಂದು ಬಣ್ಣದ್ದು, ಅವ್ವನ ಮಂಚದ ಮೇಲಿತ್ತು. ಜಳಕ ಮುಗಿಸಿ ಬಂದು ಅವಳು ಕೋಣೆಯೊಳಗೆ ಹೋದಳು. ನಾನು ರೂಢಿಯಂತೆ ಹಿಂದೆಯೇ ಎರಡು ಹೆಜ್ಜೆ ಇಟ್ಟೆ. ಬಾಗಿಲು ನನ್ನ ಮುಖದ ಮುಂದೆ ಮುಚ್ಚಿತು. ಒಳಗಿನಿಂದ ಚಿಲಕ ಬಿತ್ತು.

ನಾನು ಅಲ್ಲೇ ನಿಂತೆ. ಒಳಗೆ ಬಳೆಯ ಸಪ್ಪಳ. ಬಟ್ಟೆಯ ಸರಸರ. ಆಮೇಲೆ ಏನೂ ಇಲ್ಲ. ಐದು ನಿಮಿಷವಾಯಿತು, ಹತ್ತಾಯಿತು. ತೋಳು ಸಿಕ್ಕಿಕೊಂಡಿತೋ, ಕುಣಿಕೆ ಹರಿಯಿತೋ, ಗೋಡೆಗೆ ಮುಖ ಮಾಡಿ ನಿಂತಿದ್ದಾಳೋ ಎಂದು ಜೀವ ಹೊಡೆದುಕೊಂಡಿತು. ಅಷ್ಟರಲ್ಲಿ ಒಳಗೆ ಏನೋ ದಡ್ ಎಂದು ಬಿತ್ತು. ನಾನು ಬಾಗಿಲು ಬಡಿದೇಬಿಟ್ಟೆ. "ಅವ್ವಾ! ಏನಾತು? ಬರ್ಲೇನು?"

ಒಳಗಿನಿಂದ ಸಾವಕಾಶವಾಗಿ ಮಾತು ಬಂತು, ಮೂರನೆಯ ಇಯತ್ತೆಯವರನ್ನು ಕೂರಿಸುವ ಅದೇ ದನಿ.

"ಕರದ್ನೇನು ನಿನ್ನ?"

ಎತ್ತಿದ ಕೈ ಅಲ್ಲೇ ನಿಂತಿತು. "ಇಲ್ಲ" ಎಂದೆ.

"ಮತ್ತ?"

ಕೈ ಇಳಿಸಿ, ಪಡಸಾಲೆಯ ನಡುವೆ ನಿಂತೆ. ಕಾಲೇಜಿಗೆ ಹೊತ್ತಾಗುತ್ತಿತ್ತು, ಹೋಗಲಿಲ್ಲ. ನೀರು ಕುಡಿಯಬೇಕೆನಿಸಿತು, ಕುಡಿಯಲಿಲ್ಲ. ಇಪ್ಪತ್ತು ನಿಮಿಷದ ಮೇಲೆ ಚಿಲಕ ಸರಿಯಿತು. ಅವ್ವ ಹೊರಗೆ ಬಂದಳು. ಇಸ್ತ್ರಿ ಸೀರೆ, ಕಂದು ಜಂಪರ, ಹಣೆಯ ಕುಂಕುಮ ಒಂದಿಷ್ಟು ಎಡಕ್ಕೆ ಸರಿದಿತ್ತು. ಹೆಗಲ ಕೆಳಗೆ ಬಟ್ಟೆ ಸ್ವಲ್ಪ ಮುದುಡಿತ್ತು, ಒಂದು ಕುಣಿಕೆ ಬೇರೆ ಗುಂಡಿಗೆ ಬಿದ್ದಿತ್ತು. ಅದು ನನಗೆ ಕಂಡಿತು. ನನಗೆ ಕಂಡಿದ್ದು ಅವಳಿಗೂ ಕಂಡಿತು. ನನ್ನ ಎರಡೂ ಕೈ ತಾವಾಗಿಯೇ ಮೇಲೆದ್ದವು.

ಅವ್ವ ಕದಲದೆ ನಿಂತು ನನ್ನ ಕೈಗಳನ್ನು ನೋಡಿದಳು. ಸಿಟ್ಟಿನಿಂದಲ್ಲ. ಕಾಯುವ ಹಾಗೆ ನೋಡಿದಳು.

ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಅವಳು ಸೆರಗನ್ನು ಎಡಗೈಯಿಂದ ಹೆಗಲ ಮೇಲೆ ಎಳೆದುಕೊಂಡು, ಚಪ್ಪಲಿ ಮೆಟ್ಟಿ, ಹೊಸ್ತಿಲು ದಾಟಿ ಹೋದಳು. ಓಣಿಯ ತಿರುವಿನಲ್ಲಿ ಯಾರೋ ಹುಡುಗ, "ಬಾಯಾರು ಬಂದ್ರಲೇ!" ಎಂದು ಒದರುತ್ತ ಓಡಿದ್ದು ಕೇಳಿಸಿತು. ನಾನು ಬಾಗಿಲಿಗೆ ಒರಗಿ ಬಿಕ್ಕಿಬಿಕ್ಕಿ ಅತ್ತೆ, ಸಂತೋಷಕ್ಕೆ. ಆ ಸಂತೋಷದ ಒಂದು ಮೂಲೆಯಲ್ಲಿ, ನಾಳೆ ಬೆಳಿಗ್ಗೆಯಿಂದ ಅವಳಿಗೆ ನಾನು ಬೇಕಾಗುವುದಿಲ್ಲ ಎಂಬ ಸಂಕಟವೂ ಇತ್ತು.